ಬೇಳೆಯಿಂದ ಹಳ್ಳದ ನೀರಿನವರೆಗೆ: ಕೃತಕ ಬಣ್ಣಗಳ ಪತ್ತೆಯ ಬಗ್ಗೆ ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಬಣ್ಣಗಳ ವಿಶ್ಲೇಷಣೆಯನ್ನು ವಿದ್ಯಾರ್ಥಿಗಳಿಂದ ಮಾಡಿಸುತ್ತ ಬಂದಿರುವ ನಮ್ಮ ಬಳಿಗೆ ಊರಿನವರು ತೊಗರಿಬೇಳೆಯ ಪೊಟ್ಟಣ, ಅರಿಶಿನದ ಪುಡಿ, ಕುಂಕುಮದ ಡಬ್ಬಿ, ಒಮ್ಮೊಮ್ಮೆ ಹಳ್ಳದ ನೀರು ತುಂಬಿದ ಬಾಟಲಿ ಹಿಡಿದುಕೊಂಡು ಬರುತ್ತಾರೆ. ಬೀದರ್ ಮತ್ತು ಯಾದಗಿರಿಯಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಅವರೆಲ್ಲರ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಕೃತಕ ಬಣ್ಣ ಅಂದರೆ ಎಲ್ಲವೂ ನಿಷಿದ್ಧವೇ?

ಅಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು 8 ಸಂಶ್ಲೇಷಿತ, ಅಂದರೆ ರಾಸಾಯನಿಕವಾಗಿ ತಯಾರಿಸಿದ ಬಣ್ಣಗಳಿಗೆ ಅನುಮತಿ ಕೊಟ್ಟಿವೆ. ಕೆಂಪಿಗೆ ಪೊನ್ಸೋ 4ಆರ್, ಕಾರ್ಮೊಯಿಸಿನ್ ಮತ್ತು ಎರಿಥ್ರೋಸಿನ್, ಹಳದಿಗೆ ಟಾರ್ಟ್ರಜಿನ್ ಮತ್ತು ಸನ್‌ಸೆಟ್ ಯೆಲ್ಲೋ, ನೀಲಿಗೆ ಇಂಡಿಗೋ ಕಾರ್ಮಿನ್ ಮತ್ತು ಬ್ರಿಲಿಯಂಟ್ ಬ್ಲೂ, ಹಸಿರಿಗೆ ಫಾಸ್ಟ್ ಗ್ರೀನ್. ಆದರೆ ಇವನ್ನು ಹೆಸರಿಸಿದ ಪದಾರ್ಥಗಳಲ್ಲಿ ಮಾತ್ರ, ಸಾಮಾನ್ಯವಾಗಿ ಒಂದು ಕಿಲೋ ಸಿದ್ಧ ಆಹಾರಕ್ಕೆ 100 ಮಿಲಿಗ್ರಾಂ ಮೀರದಂತೆ ಬಳಸಬೇಕು. ಬೇಳೆ, ಅರಿಶಿನ, ಖಾರದಪುಡಿಗೆ ಈ ಎಂಟರಲ್ಲಿ ಒಂದನ್ನೂ ಹಾಕುವಂತಿಲ್ಲ. ಮೆಟಾನಿಲ್ ಯೆಲ್ಲೋ, ರೋಡಮಿನ್-ಬಿ, ಆರಮಿನ್, ಸುಡಾನ್ ಬಣ್ಣಗಳು, ಮ್ಯಾಲಕೈಟ್ ಗ್ರೀನ್ ಇವು ಬಟ್ಟೆ, ಕಾಗದ, ಚರ್ಮ, ಮೇಣಗಳಿಗೆಂದು ತಯಾರಾದವು. ಅವು ಯಾವ ಆಹಾರದಲ್ಲಿಯೂ ಇರಕೂಡದು.

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣವನ್ನೂ ಬೊಂಬಾಯಿ ಮಿಠಾಯಿಗೆ ರೋಡಮಿನ್-ಬಿಯನ್ನೂ ನಿಷೇಧಿಸಿದಾಗ ಅನೇಕರಿಗೆ ಗೊಂದಲವಾಯಿತು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಮತ್ತು 25 ಮಿಠಾಯಿ ಮಾದರಿಗಳಲ್ಲಿ 15 ಅಸುರಕ್ಷಿತವೆಂದು ಬಂದಿದ್ದವು. ಗೋಬಿಯಲ್ಲಿ ಸಿಕ್ಕಿದ್ದ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಅನುಮತಿಯ ಪಟ್ಟಿಯಲ್ಲೇ ಇರುವ ಬಣ್ಣಗಳು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅವನ್ನು ಬಂಡಿಯ ಮೇಲಿನ ಎಲ್ಲ ಪದಾರ್ಥಕ್ಕೂ ಸುರಿಯಬಹುದೆಂದಲ್ಲ. ಹೀಗಾಗಿ ಪ್ರಯೋಗಾಲಯವು ಬಣ್ಣ ಇದೆಯೋ ಇಲ್ಲವೋ ಎಂಬಲ್ಲಿಗೆ ನಿಲ್ಲುವಂತಿಲ್ಲ. ಯಾವ ಬಣ್ಣ, ಎಷ್ಟು, ಯಾವ ಪದಾರ್ಥದಲ್ಲಿ ಎಂಬ ಮೂರಕ್ಕೂ ಉತ್ತರ ಕೊಡಬೇಕು.

ಇಷ್ಟು ಸಣ್ಣ ಪ್ರಮಾಣಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು?

ಒಂದು ಲೆಕ್ಕ ನೋಡಿ. ಎರಿಥ್ರೋಸಿನ್‌ಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ನಿಗದಿಪಡಿಸಿದ ದಿನದ ಸೇವನಾ ಮಿತಿ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಹದಿನೈದು ಕಿಲೋ ತೂಗುವ ಮಗುವಿಗೆ ಅದು ದಿನಕ್ಕೆ ಒಂದೂವರೆ ಮಿಲಿಗ್ರಾಂ. ಕಿಲೋಗೆ 100 ಮಿಲಿಗ್ರಾಂ ಬಣ್ಣವಿರುವ ಮಿಠಾಯಿಯಾದರೆ 15 ಗ್ರಾಂ ತಿನ್ನುವಷ್ಟರಲ್ಲಿ ಆ ಮಿತಿ ತುಂಬಿತು. ಹೋಳಿ ಹಬ್ಬದಲ್ಲಿ ಮಕ್ಕಳ ಕೊರಳಿಗೆ ಹಾಕುವ ಸಕ್ಕರೆ ಸರದ ಎರಡು ಮೂರು ಬಿಲ್ಲೆಗಳಾದರೂ ಅಷ್ಟು ತೂಗುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಜನವರಿಯಲ್ಲಿ ಇದೇ ಎರಿಥ್ರೋಸಿನ್‌ಗೆ ಆಹಾರದಲ್ಲಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು.

ತೊಗರಿಬೇಳೆಗೆ ಬಣ್ಣ ಹಾಕಿದ್ದಾರೋ ಎಂದು ಮನೆಯಲ್ಲೇ ತಿಳಿಯಬಹುದೇ?

ತೊಗರಿಯ ಕಣಜವೆನಿಸಿದ ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಭೌಗೋಳಿಕ ಗುರುತು ಪಡೆದ ಬೇಳೆಯ ಹೆಸರಿನಲ್ಲಿ ಬೇರೆಡೆಯ ಹಳೆಯ, ಮಂಕಾದ ಬೇಳೆಗೆ ಹಳದಿ ಏರಿಸಿ ಮಾರಿದರೆ ನಷ್ಟವಾಗುವುದು ಕೊಳ್ಳುವವರಿಗೂ ಇಲ್ಲಿಯ ರೈತರಿಗೂ.

ಮೆಟಾನಿಲ್ ಯೆಲ್ಲೋ ಎಂಬ ಬಣ್ಣಕ್ಕೆ ಒಂದು ಗುಣವಿದೆ. ಪಿಎಚ್ ಎಂಬ ಆಮ್ಲ-ಕ್ಷಾರದ ಅಳತೆಯಲ್ಲಿ (ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 2.3ಕ್ಕಿಂತ ಮೇಲೆ ಅದು ಹಳದಿ, 1.2ಕ್ಕಿಂತ ಕೆಳಗೆ ಗುಲಾಬಿ ಕೆಂಪು. ಪರೀಕ್ಷೆ ನಿಂತಿರುವುದು ಇದರ ಮೇಲೆಯೇ. ಒಂದು ಚಮಚ ಬೇಳೆಯನ್ನು ಗಾಜಿನ ನಳಿಕೆಗೆ ಹಾಕಿ, ಮುಳುಗುವಷ್ಟು ಬೆಚ್ಚಗಿನ ನೀರು ಹೊಯ್ದು ಎರಡು ನಿಮಿಷ ಅಲುಗಿಸಬೇಕು. ನೀರನ್ನು ಮತ್ತೊಂದು ನಳಿಕೆಗೆ ಬಸಿದುಕೊಂಡು, ಗೋಡೆಗುಂಟ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದ ಐದಾರು ಹನಿ ಇಳಿಬಿಡಬೇಕು. ಬಣ್ಣವಿದ್ದರೆ ಹನಿ ಇಳಿದ ಜಾಗದಿಂದ ಗುಲಾಬಿ ಗೆರೆಯೊಂದು ಹೊಗೆಯಂತೆ ಕೆಳಗಿಳಿಯುತ್ತದೆ. ಅಲುಗಿಸಿದ ಕೂಡಲೇ ನೀರೆಲ್ಲ ಬೀಟ್‌ರೂಟ್ ತೊಳೆದ ನೀರಿನಂತಾಗುತ್ತದೆ. ಅರಿಶಿನದ ಪುಡಿಗೂ ಇದೇ ಕ್ರಮ, ಆದರೆ ಒಂದು ಎಚ್ಚರ ಬೇಕು. ಅರಿಶಿನದಲ್ಲಿ ಸಹಜವಾಗಿಯೇ ಇರುವ ಕರ್ಕ್ಯುಮಿನ್ ಕೂಡ ಪ್ರಬಲ ಆಮ್ಲದಲ್ಲಿ ಕೆಂಪಾಗುತ್ತದೆ. ನೀರು ಬೆರೆಸಿದಾಗ ಆ ಕೆಂಪು ಮಾಯವಾದರೆ ಅದು ಕರ್ಕ್ಯುಮಿನ್, ಉಳಿದುಕೊಂಡರೆ ಮೆಟಾನಿಲ್ ಯೆಲ್ಲೋ ಎಂಬ ಅನುಮಾನಕ್ಕೆ ಆಧಾರವಿದೆ.

ಇದನ್ನು ಅಡುಗೆಮನೆಯಲ್ಲಿ ಮಾಡಿ ಎಂದು ನಾವು ಹೇಳುವುದಿಲ್ಲ. ಪ್ರಬಲ ಆಮ್ಲದ ಹೊಗೆ ಕಣ್ಣು ಮೂಗಿಗೆ ಅಪಾಯಕಾರಿ. ಬಚ್ಚಲು ತೊಳೆಯುವ ಆ್ಯಸಿಡ್ ಬಳಸಿದವರ ಫಲಿತಾಂಶವನ್ನಂತೂ ನಂಬಲಾಗದು, ಏಕೆಂದರೆ ಅದರಲ್ಲಿ ಕಬ್ಬಿಣದ ಅಂಶವಿದ್ದು ಅದಕ್ಕೇ ಹಳದಿ ಬಣ್ಣವಿರುತ್ತದೆ. ಹತ್ತಿರದ ಪ್ರೌಢಶಾಲೆ ಅಥವಾ ಕಾಲೇಜಿನ ಪ್ರಯೋಗಾಲಯದಲ್ಲಿ, ಬಲ್ಲವರ ಎದುರು ಮಾಡಿಸುವುದು ಲೇಸು.

ಇನ್ನೊಂದು ಮಿತಿಯನ್ನು ಜನ ಮರೆಯುತ್ತಾರೆ. ಟಾರ್ಟ್ರಜಿನ್ ಹಾಕಿದ ಬೇಳೆಗೆ ಆಮ್ಲ ಹಾಕಿದರೂ ಅದು ಹಳದಿಯಾಗಿಯೇ ಉಳಿಯುತ್ತದೆ. ಗುಲಾಬಿ ಬರಲಿಲ್ಲವೆಂದರೆ ಮೆಟಾನಿಲ್ ಯೆಲ್ಲೋ ಕಾಣಿಸಲಿಲ್ಲ ಎಂದಷ್ಟೇ ಅರ್ಥ. ಕೇಸರಿ ಬೇಳೆಯ ಕಲಬೆರಕೆ ಬೇರೆಯದೇ ವಿಷಯ. ಅದು ಬಣ್ಣವಲ್ಲ, ಮತ್ತೊಂದು ಕಾಳು, ಒಂದು ಕಡೆ ಓರೆಯಾಗಿ ಕೊಡಲಿಯಂತಿರುವ ಆಕಾರದಿಂದ ಅದನ್ನು ಗುರುತಿಸಬೇಕು.

ಅರಿಶಿನದ ಕಲೆ ಸಾಬೂನು ತಗುಲಿದಾಗ ಕೆಂಪಾಯಿತು. ಕಲಬೆರಕೆಯೇ?

ಅಲ್ಲವೇ ಅಲ್ಲ. ಕರ್ಕ್ಯುಮಿನ್ ಕ್ಷಾರಕ್ಕೆ ಸೋಕಿದರೆ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಕದಡುವವರಿಗೆ ಇದು ಎಂದಿನಿಂದಲೋ ಗೊತ್ತು. ಕೆಂಪಾಗುವುದು ಅಲ್ಲಿ ಅರಿಶಿನ ಇದೆ ಎಂಬುದಕ್ಕೆ ಸಾಕ್ಷಿ.

ಜಾತ್ರೆಯ ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಇರುವುದನ್ನು ಹೇಗೆ ಗುರುತಿಸುತ್ತಾರೆ?

ನಮ್ಮಲ್ಲಿ ಕೆಲವರು ‘ಬುಡ್ಢೀ ಕೆ ಬಾಲ್’ ಎಂದೇ ಕರೆಯುವ ಈ ಮಿಠಾಯಿ ಪರೀಕ್ಷಕರ ಪಾಲಿಗೆ ಸುಲಭದ ಮಾದರಿ. ಅದರಲ್ಲಿರುವುದು ಸಕ್ಕರೆ ಮತ್ತು ಬಣ್ಣ ಮಾತ್ರ, ನೀರಿಗೆ ಹಾಕಿದರೆ ಎರಡೂ ಕರಗುತ್ತವೆ. ರೋಡಮಿನ್-ಬಿ ಹಸಿರು ಬೆಳಕನ್ನು ಹೀರಿ ಕಿತ್ತಳೆ ಬೆಳಕನ್ನು ಹೊರಸೂಸುತ್ತದೆ. ಕತ್ತಲ ಕೋಣೆಯಲ್ಲಿ ಗಾಜಿನ ಲೋಟದ ದ್ರಾವಣಕ್ಕೆ ಹಸಿರು ಲೇಸರ್ ಹಾಯಿಸಿದರೆ, ಲೋಟದೊಳಗೆ ಹಸಿರು ಗೆರೆಯ ಬದಲು ಕಿತ್ತಳೆ ಗೆರೆ ಕಾಣುತ್ತದೆ. ವಿದ್ಯಾರ್ಥಿಗಳು ಬೆರಗಾಗುವ ಪ್ರಯೋಗ ಇದು.

ಆದರೆ ಬೆರಗು ಪುರಾವೆಯಲ್ಲ. ಅನುಮತಿ ಇರುವ ಎರಿಥ್ರೋಸಿನ್ ಕೂಡ ಅದೇ ಲೇಸರಿಗೆ ಹೊಳೆಯುತ್ತದೆ. ಹೊಳಪು ಕಂಡ ತಕ್ಷಣ ಬಂಡಿಯವನ ಮೇಲೆ ಅಪವಾದ ಹೊರಿಸಿದರೆ ನಿರಪರಾಧಿಯ ಹೊಟ್ಟೆಯ ಮೇಲೆ ಹೊಡೆದಂತೆ. ಎರಡೂ ಬಣ್ಣಗಳ ಶುದ್ಧ ದ್ರಾವಣಗಳನ್ನು ಪಕ್ಕದಲ್ಲಿಟ್ಟು, ತೆಳುಪದರ ಕ್ರೊಮ್ಯಾಟೋಗ್ರಫಿಯಲ್ಲಿ, ಅಂದರೆ ಪುಡಿ ಲೇಪಿಸಿದ ಹಲಗೆಯ ಮೇಲೆ ದ್ರಾವಕ ಏರುತ್ತ ಬಣ್ಣಗಳನ್ನು ಬೇರ್ಪಡಿಸುವ ವಿಧಾನದಲ್ಲಿ, ಮಾದರಿಯ ಚುಕ್ಕೆ ಯಾವುದರ ಎತ್ತರಕ್ಕೆ ಏರಿತೆಂದು ನೋಡಿದ ಮೇಲೆಯೇ ಹೆಸರು ಹೇಳಬೇಕು.

ಕಬಾಬ್, ಗೋಬಿ, ಜಿಲೇಬಿಯಂಥ ಎಣ್ಣೆ ಪದಾರ್ಥದಿಂದ ಬಣ್ಣವನ್ನು ಹೊರತೆಗೆಯುವುದು ಹೇಗೆ?

ಕಷ್ಟವಿರುವುದು ಇಲ್ಲಿ. ಅಳೆಯುವ ಯಂತ್ರ ಎಷ್ಟೇ ಬೆಲೆಯದಾಗಿರಲಿ, ಮಾದರಿಯಿಂದ ಬಣ್ಣವನ್ನು ಬಿಡಿಸಿಕೊಳ್ಳಲಾಗದಿದ್ದರೆ ಅದು ಕೊಡುವುದು ತಪ್ಪು ಅಂಕಿಯನ್ನೇ. ಕಬಾಬಿನಲ್ಲಿ ಬಣ್ಣ ಮಾಂಸದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದರ ಮೇಲೆ ಎಣ್ಣೆಯ ಪದರ, ಜೊತೆಗೆ ಖಾರದಪುಡಿಯ ಸಹಜ ಕೆಂಪು. ಮೊದಲು ಪೆಟ್ರೋಲಿಯಂ ಈಥರ್‌ನಿಂದ ಕೊಬ್ಬನ್ನು ತೊಳೆದು ತೆಗೆಯುತ್ತಾರೆ. ನಂತರ ಸ್ವಲ್ಪ ಅಮೋನಿಯಾ ಬೆರೆತ ಮದ್ಯಸಾರದಲ್ಲಿ ನೆನೆಹಾಕಿದರೆ ಪ್ರೋಟೀನಿನ ಹಿಡಿತ ಸಡಿಲವಾಗಿ ಬಣ್ಣ ದ್ರಾವಣಕ್ಕೆ ಇಳಿಯುತ್ತದೆ. ಅದನ್ನು ಸೋಸಿ, ಮದ್ಯಸಾರವನ್ನು ಆವಿ ಮಾಡಿ, ಉಳಿದದ್ದಕ್ಕೆ ಆಮ್ಲ ಸೇರಿಸುತ್ತಾರೆ.

ಆ ಬಳಿಕ ಬರುವುದು ಉಣ್ಣೆ. ಬಹಳ ಹಳೆಯದಾದರೂ ಇಂದಿಗೂ ಬಿಡದ ಪದ್ಧತಿ ಇದು. ಕೊಬ್ಬು ತೆಗೆದ ಬಿಳಿ ಉಣ್ಣೆಯ ಎಳೆಯೊಂದನ್ನು ಆಮ್ಲೀಯ ದ್ರಾವಣದಲ್ಲಿ ಕುದಿಸಿದರೆ ಆಹಾರದ ಸಂಶ್ಲೇಷಿತ ಬಣ್ಣಗಳು ಅದಕ್ಕೆ ಹತ್ತುತ್ತವೆ. ಎಳೆಯನ್ನು ತಣ್ಣೀರಲ್ಲಿ ಚೆನ್ನಾಗಿ ತೊಳೆದು, ದುರ್ಬಲ ಅಮೋನಿಯಾದಲ್ಲಿ ಕಾಯಿಸಿದಾಗ ಬಣ್ಣ ಮತ್ತೆ ಬಿಟ್ಟುಕೊಳ್ಳುತ್ತದೆ. ಆ ದ್ರಾವಣಕ್ಕೆ ಪುನಃ ಆಮ್ಲ ಸೇರಿಸಿ ಹೊಸ ಎಳೆ ಹಾಕಬೇಕು. ಎರಡನೆಯ ಎಳೆಯೂ ಬಣ್ಣ ಹಿಡಿದರೆ ಅದು ಸಂಶ್ಲೇಷಿತ. ಸಸ್ಯಮೂಲದ ಬಣ್ಣಗಳು ಮೊದಲ ಎಳೆಯನ್ನು ಮಂಕಾಗಿ ಬಣ್ಣಗೆಡಿಸಬಹುದು, ಎರಡನೆಯದಕ್ಕೆ ಸಾಮಾನ್ಯವಾಗಿ ದಾಟುವುದಿಲ್ಲ. ರೋಡಮಿನ್-ಬಿ, ಆರಮಿನ್‌ನಂಥ ಕ್ಷಾರೀಯ ಬಣ್ಣಗಳಿಗೆ ಕ್ರಮ ಉಲ್ಟಾ: ಅಮೋನಿಯಾದಲ್ಲಿ ಹತ್ತಿಸಿ, ಅಸಿಟಿಕ್ ಆಮ್ಲದಲ್ಲಿ ಬಿಡಿಸಬೇಕು.

ಒಮ್ಮೆ ನಮ್ಮ ವಿದ್ಯಾರ್ಥಿಯೊಬ್ಬ ಉಣ್ಣೆ ಮುಗಿಯಿತೆಂದು ಊರಿನಿಂದ ಕಂಬಳಿಯ ನೂಲು ತಂದಿದ್ದ. ದಖ್ಖಣದ ಕುರಿಯ ಉಣ್ಣೆ ಹೆಚ್ಚಾಗಿ ಕಪ್ಪೇ ಆದ್ದರಿಂದ ಅದಕ್ಕೆ ಬಣ್ಣ ಹತ್ತಿತೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಅದೇ ವಾರ ಇನ್ನೊಂದು ತಂಡ ಬಿಳಿ ನೂಲೆಂದು ಅಕ್ರಿಲಿಕ್ ತಂದು, ಎಲ್ಲ ಮಾದರಿಗಳೂ ಶುದ್ಧವೆಂದು ಬರೆದುಬಿಟ್ಟಿತು! ಬಣ್ಣ ಹಿಡಿಯುವುದು ಉಣ್ಣೆಯ ಪ್ರೋಟೀನು. ಅಕ್ರಿಲಿಕ್ ನೂಲಿನಲ್ಲಿ ಅದು ಎಲ್ಲಿಂದ ಬರಬೇಕು? ಅಂದಿನಿಂದ ಗೊತ್ತಿರುವ ಬಣ್ಣ ಬೆರೆಸಿದ ಒಂದು ಮಾದರಿಯನ್ನು ಪ್ರತಿ ಸಲವೂ ಜೊತೆಗೆ ಓಡಿಸುತ್ತೇವೆ.

ಬಣ್ಣದ ಗಾಢತೆಯನ್ನು ನೇರವಾಗಿ ಯಂತ್ರದಲ್ಲಿ ಅಳೆದರೆ ಸಾಲದೇ?

ದ್ರಾವಣದಲ್ಲಿ ಒಂದೇ ಬಣ್ಣವಿದ್ದರೆ ಸಾಕು. ಪ್ರತಿಯೊಂದು ಬಣ್ಣವೂ ತನ್ನದೇ ಆದ ತರಂಗಾಂತರದಲ್ಲಿ ಬೆಳಕನ್ನು ಹೆಚ್ಚು ಹೀರುತ್ತದೆ, ಹೀರಿದ ಪ್ರಮಾಣ ಬಣ್ಣದ ಸಾಂದ್ರತೆಗೆ ಅನುಗುಣವಾಗಿರುತ್ತದೆ. ತೊಂದರೆ ಏನೆಂದರೆ ಟಾರ್ಟ್ರಜಿನ್ ಗರಿಷ್ಠ ಹೀರುವುದು ಸುಮಾರು 425 ನ್ಯಾನೋಮೀಟರಿನಲ್ಲಿ, ಅರಿಶಿನದ ಕರ್ಕ್ಯುಮಿನ್ ಕೂಡ ಹೆಚ್ಚುಕಡಿಮೆ ಅಲ್ಲಿಯೇ. ಅರಿಶಿನ ಹಾಕಿದ ಬೂಂದಿಯನ್ನು ನೇರವಾಗಿ ಅಳೆದರೆ ಅರಿಶಿನವೇ ಟಾರ್ಟ್ರಜಿನ್ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಆದ್ದರಿಂದ ಮೊದಲು ಬೇರ್ಪಡಿಸಬೇಕು, ಆಮೇಲೆ ಅಳೆಯಬೇಕು. ಎಚ್‌ಪಿಎಲ್‌ಸಿ ಎಂಬ ಯಂತ್ರ ಮಾಡುವುದು ಅದನ್ನೇ. ನುಣ್ಣನೆಯ ಸಿಲಿಕಾ ಕಣಗಳನ್ನು ಒತ್ತಾಗಿ ತುಂಬಿದ ಕೊಳವೆಯಲ್ಲಿ ದ್ರಾವಣವನ್ನು ಒತ್ತಡದಿಂದ ತಳ್ಳಿದಾಗ ಒಂದೊಂದು ಬಣ್ಣವೂ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಹೊರಬಂದದ್ದರ ಪೂರ್ಣ ವರ್ಣಪಟಲವನ್ನು ಯಂತ್ರ ಅಲ್ಲಿಯೇ ದಾಖಲಿಸುತ್ತದೆ. ಹೊರಬಂದ ಸಮಯ ಮತ್ತು ವರ್ಣಪಟಲ ಎರಡೂ ಶುದ್ಧ ಮಾದರಿಯೊಂದಿಗೆ ಕೂಡಿಬಂದರೆ ಗುರುತು ಗಟ್ಟಿಯಾಗುತ್ತದೆ. ಪಿಪಿಬಿ ಮಟ್ಟದಲ್ಲಿ, ಅಂದರೆ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಹುಡುಕಬೇಕಾದರೆ ಅದಕ್ಕೆ ದ್ರವ್ಯರಾಶಿ ಮಾಪಕವನ್ನು ಜೋಡಿಸುತ್ತಾರೆ. ಅದು ಅಣುವಿನ ತೂಕವನ್ನೂ ಅಣು ಒಡೆದಾಗ ಬೀಳುವ ತುಣುಕುಗಳ ತೂಕವನ್ನೂ ಹೇಳುತ್ತದೆ.

ಖಾರದಪುಡಿಯಲ್ಲಿ ಸುಡಾನ್ ಬಣ್ಣವನ್ನು ನೀರಿನಲ್ಲಿ ಕದಡಿ ಪತ್ತೆ ಮಾಡಬಹುದೇ?

ಆಗದು. ಸುಡಾನ್ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಿ ಅಲ್ಲ. ಲೋಟದ ನೀರಿಗೆ ಪುಡಿ ಉದುರಿಸಿ ಕೆಂಪು ಎಳೆ ಇಳಿಯುವುದೇ ಎಂದು ನೋಡುವ ಪರೀಕ್ಷೆ ನೀರಲ್ಲಿ ಕರಗುವ ಬಣ್ಣಗಳಿಗೆ ಮಾತ್ರ ಸಲ್ಲುತ್ತದೆ. 2003ರಲ್ಲಿ ಯೂರೋಪಿನಲ್ಲಿ ಖಾರದ ಪದಾರ್ಥಗಳಲ್ಲಿ ಸುಡಾನ್-1 ಸಿಕ್ಕಿ ದೊಡ್ಡ ಗದ್ದಲವಾದದ್ದು ಮೆಣಸಿನ ವ್ಯಾಪಾರದಲ್ಲಿರುವವರಿಗೆ ನೆನಪಿರಬಹುದು. ಮೆಣಸಿನಕಾಯಿಯ ಸಹಜ ಕೆಂಪೂ ಎಣ್ಣೆಯಲ್ಲಿಯೇ ಕರಗುವುದರಿಂದ ಇಲ್ಲಿ ಕಣ್ಣಿನ ಆಟ ನಡೆಯುವುದಿಲ್ಲ. ಅಸಿಟೋನೈಟ್ರೈಲ್‌ನಂಥ ದ್ರಾವಕದಲ್ಲಿ ಇಳಿಸಿ ಎಚ್‌ಪಿಎಲ್‌ಸಿಗೆ ಹಾಕಲೇಬೇಕು.

ಹಸಿರು ಬಟಾಣಿ, ಬೆಂಡೆಕಾಯಿ?

ದ್ರವ ಪ್ಯಾರಾಫಿನ್‌ನಲ್ಲಿ ಅದ್ದಿದ ಹತ್ತಿಯಿಂದ ಸಿಪ್ಪೆಯನ್ನು ಉಜ್ಜಿ. ಹತ್ತಿ ಹಸಿರಾದರೆ ಮ್ಯಾಲಕೈಟ್ ಗ್ರೀನ್ ಬಗ್ಗೆ ಅನುಮಾನ ಪಡಬೇಕು. ಇದು ಮನೆಯಲ್ಲೇ ಧೈರ್ಯವಾಗಿ ಮಾಡಬಹುದಾದ ಪರೀಕ್ಷೆ.

ಕುಂಕುಮ, ತುಟಿಬಣ್ಣ, ಕಪ್ಪು ಮೆಹಂದಿಗಳ ಪರೀಕ್ಷೆಯೂ ಇದೇ ರೀತಿಯದೇ?

ತತ್ವ ಒಂದೇ, ಕರಗಿಸುವ ಕ್ರಮ ಬೇರೆ. ಅರಿಶಿನ ಮತ್ತು ಸುಣ್ಣದಿಂದ ಮಾಡಿದ ಕುಂಕುಮ ನಿಂಬೆರಸ ತಾಗಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಸಂಶ್ಲೇಷಿತ ಕೆಂಪು ತಿರುಗುವುದಿಲ್ಲ. ಪೂಜಾ ಸಾಮಗ್ರಿ ಕೊಳ್ಳುವವರಿಗೆ ಈ ಒಂದು ಹನಿ ಸಾಕಷ್ಟು ಹೇಳುತ್ತದೆ, ಆದರೆ ಎರಡೂ ಬೆರೆತಿದ್ದರೆ ಇದು ನಿಮ್ಮನ್ನು ಮೋಸಗೊಳಿಸಬಹುದು.

ತುಟಿಬಣ್ಣದಲ್ಲಿ ಬಣ್ಣ ಹೆಚ್ಚಾಗಿ ‘ಲೇಕ್’ ರೂಪದಲ್ಲಿರುತ್ತದೆ, ಅಂದರೆ ಅಲ್ಯೂಮಿನಿಯಂನಂಥ ಲೋಹದ ಲವಣದ ಮೇಲೆ ಕೂರಿಸಿದ, ನೀರಿಗೂ ಎಣ್ಣೆಗೂ ಜಗ್ಗದ ಪುಡಿ. ಮೇಣವನ್ನು ಕರಗಿಸಿ ತೆಗೆದು, ಆಮ್ಲ ಬೆರೆಸಿದ ಡೈಮೀಥೈಲ್ ಫಾರ್ಮಮೈಡ್‌ನಂಥ ಪ್ರಬಲ ದ್ರಾವಕದಲ್ಲಿ ಬಣ್ಣವನ್ನು ಬಿಡಿಸಬೇಕಾಗುತ್ತದೆ. ಇಲ್ಲಿ ಬಣ್ಣದ ಜೊತೆ ಲೋಹಗಳನ್ನೂ ನೋಡುತ್ತಾರೆ. ಭಾರತದಲ್ಲಿ ಸೌಂದರ್ಯವರ್ಧಕಗಳ ಬಣ್ಣಗಳಲ್ಲಿ ಸೀಸ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು), ಆರ್ಸೆನಿಕ್ 2 ಪಿಪಿಎಂ ಮೀರುವಂತಿಲ್ಲ.

ಮದುವೆಮನೆಗಳಲ್ಲಿ ಅರ್ಧ ಗಂಟೆಯಲ್ಲಿ ಕಪ್ಪಾಗುವ ಮೆಹಂದಿಯ ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿದೆ. ಮೆಹಂದಿಯ ಎಲೆ ಕೊಡುವುದು ಕಿತ್ತಳೆಯಿಂದ ಕಂದುಗೆಂಪಿನವರೆಗಿನ ಬಣ್ಣ, ಅದೂ ಗಂಟೆಗಳ ಬಳಿಕ. ಅಷ್ಟು ಬೇಗ ಕಪ್ಪಾಯಿತೆಂದರೆ ಅದರಲ್ಲಿ ಕೂದಲಿನ ಬಣ್ಣಕ್ಕೆ ಬಳಸುವ ಪ್ಯಾರಾ-ಫಿನೈಲೀನ್‌ಡೈಅಮೀನ್ ಇರುವ ಸಾಧ್ಯತೆ ಹೆಚ್ಚು. ಅದರಿಂದ ಚರ್ಮದಲ್ಲಿ ಗುಳ್ಳೆಯೆದ್ದು ಮುಂದೆ ಜೀವನಪರ್ಯಂತ ಒಗ್ಗದಿಕೆ (ಅಲರ್ಜಿ) ಉಳಿಯಬಹುದು. ಇದಕ್ಕೆ ಪ್ರಯೋಗಾಲಯದ ವರದಿ ಬರುವ ತನಕ ಕಾಯಬೇಡಿ, ಕೈ ತೊಳೆದುಬಿಡಿ.

ಹಳ್ಳದ ನೀರು ಕೆಂಪು ಅಥವಾ ಕಂದು ಆಗಿದೆ. ಅದು ಕಾರ್ಖಾನೆಯ ಬಣ್ಣವೇ?

ಇರಬಹುದು, ಇಲ್ಲದಿರಲೂಬಹುದು. ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ನೀರಿನ ಕಡುಕಂದು ಬಣ್ಣಕ್ಕೆ ಕಾರಣ ಮೆಲನಾಯ್ಡಿನ್‌ಗಳು. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬೆಂದು ಕೂಡಿ ಆದ ವಸ್ತುಗಳವು, ಸಂಶ್ಲೇಷಿತ ಬಣ್ಣಗಳಲ್ಲ. ಮಳೆಗಾಲದಲ್ಲಿ ಕೆಮ್ಮಣ್ಣಿನ ದಿನ್ನೆಗಳಿಂದ ಇಳಿಯುವ ನೀರೂ ಕೆಂಪೇ. ಇವನ್ನು ಬೇರ್ಪಡಿಸಲು ನೀರನ್ನು 0.45 ಮೈಕ್ರೋಮೀಟರ್ ಜಾಲರಿಯಲ್ಲಿ ಸೋಸಿ 436, 525 ಮತ್ತು 620 ನ್ಯಾನೋಮೀಟರ್‌ಗಳಲ್ಲಿ ಬೆಳಕಿನ ಹೀರಿಕೆಯನ್ನು ಅಳೆಯುತ್ತಾರೆ. ಮಣ್ಣಿನ ಕೆಂಪಾದರೆ ಬಹುಪಾಲು ಜಾಲರಿಯ ಮೇಲೆಯೇ ಉಳಿಯುತ್ತದೆ. ಮೆಲನಾಯ್ಡಿನ್ ಆದರೆ ನೇರಳೆ ತುದಿಯಿಂದ ಕೆಂಪು ತುದಿಗೆ ಹೀರಿಕೆ ನುಣುಪಾಗಿ ಇಳಿಯುತ್ತ ಹೋಗುತ್ತದೆ. ಬಟ್ಟೆಬಣ್ಣವಾದರೆ ಎಲ್ಲೋ ಒಂದು ಕಡೆ ಗುಡ್ಡದಂತೆ ಎದ್ದು ನಿಲ್ಲುತ್ತದೆ.

ಸೀರೆ, ನೂಲುಗಳಿಗೆ ಬಣ್ಣ ಹಾಕುವಲ್ಲಿ ಬಳಸುವ ರಿಯಾಕ್ಟಿವ್ (ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ) ಬಣ್ಣಗಳಲ್ಲಿ ಒಂದು ಪಾಲು ನೂಲಿಗೆ ಕೂರದೆ ತೊಳೆದ ನೀರಿನೊಂದಿಗೆ ಹೋಗುತ್ತದೆ. ಅದು ಹೊಳೆಯಲ್ಲಿ ಬೆರೆತು ತಿಳಿಯಾದ ಮೇಲೆ ಕಣ್ಣಿಗೆ ಕಾಣದು. ಒಂದು ಗ್ರಾಂ ಬಣ್ಣ ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್ ನೀರಿನಲ್ಲಿ ಹರಡಿದರೆ ಅದು ಒಂದು ಪಿಪಿಬಿ. ಅಷ್ಟನ್ನು ಹಿಡಿಯಲು ಅರ್ಧ ಅಥವಾ ಒಂದು ಲೀಟರ್ ನೀರನ್ನು ಬಣ್ಣ ಹೀರುವ ಪುಡಿ ತುಂಬಿದ ಸಣ್ಣ ಕೊಳವೆಯ ಮೂಲಕ ಹಾಯಿಸಿ, ಅಲ್ಲಿ ನಿಂತದ್ದನ್ನು ಒಂದೆರಡು ಮಿಲಿಲೀಟರ್ ಮೆಥನಾಲಿನಲ್ಲಿ ಇಳಿಸಿಕೊಳ್ಳುತ್ತಾರೆ. ಬಣ್ಣ ನೂರಾರು ಪಟ್ಟು ಒತ್ತಾಗುತ್ತದೆ.

ನಮ್ಮ ಭಾಗದ ಎರೆಮಣ್ಣು ಈ ಕೆಲಸದಲ್ಲಿ ಒಂದು ತೊಡಕು. ಅದರ ಜೇಡಿಯ ಪದರಗಳಿಗೆ ಋಣ ವಿದ್ಯುದಂಶವಿರುವುದರಿಂದ ಮ್ಯಾಲಕೈಟ್ ಗ್ರೀನ್, ಮೆಥಿಲೀನ್ ಬ್ಲೂನಂಥ ಧನ ವಿದ್ಯುದಂಶದ ಬಣ್ಣಗಳನ್ನು ಅವು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನೀರು ಸ್ವಚ್ಛವೆಂದು ವರದಿ ಬಂದು, ತಳದ ಕೆಸರಿನಲ್ಲಿ ಬಣ್ಣ ತುಂಬಿರಬಹುದು. ಹಳ್ಳದಿಂದ ನೀರಿನ ಜೊತೆ ಒಂದು ಹಿಡಿ ಕೆಸರನ್ನೂ ತನ್ನಿ ಎಂದು ನಾವು ಹೇಳುವುದು ಇದಕ್ಕೆ. ಆಮ್ಲಜನಕವಿಲ್ಲದ ಆ ಕೆಸರಿನಲ್ಲಿ ಅಜೋ ಬಣ್ಣಗಳು (ಅಣುವಿನಲ್ಲಿ ಎರಡು ನೈಟ್ರೋಜನ್ ಪರಮಾಣುಗಳ ಕೊಂಡಿಯಿರುವ ಬಣ್ಣಗಳು) ಒಡೆದು ಬಣ್ಣವಿಲ್ಲದ ಆರೊಮ್ಯಾಟಿಕ್ ಅಮೀನ್‌ಗಳಾಗುತ್ತವೆ. ಬೆಂಜಿಡೀನ್‌ನಂಥ ಕೆಲವು ಕ್ಯಾನ್ಸರ್‌ಕಾರಕಗಳು. ಬಣ್ಣ ಹೋಯಿತೆಂದು ನೀರು ಶುದ್ಧವಾಯಿತೆಂದು ತಿಳಿಯಬಾರದು, ಅಮೀನ್‌ಗಳನ್ನು ಬೇರೆಯಾಗಿಯೇ ಹುಡುಕಬೇಕು.

ಮಾದರಿಯ ನೀರನ್ನು ಕಂದು ಗಾಜಿನ ಬಾಟಲಿಯಲ್ಲಿ, ಬಿಸಿಲಿಗೆ ಒಡ್ಡದೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತರಬೇಕು. ಮೇ ತಿಂಗಳಲ್ಲಿ ಯಾದಗಿರಿಯಿಂದ ಬೈಕಿನ ಡಿಕ್ಕಿಯಲ್ಲಿ ಬಂದ ಪ್ಲಾಸ್ಟಿಕ್ ಬಾಟಲಿಯಿಂದ ಯಾರೂ ಏನನ್ನೂ ಹೇಳಲಾರರು.

ಮೊಬೈಲ್ ಕ್ಯಾಮೆರಾ, ನ್ಯಾನೋ ಕಣಗಳ ಹೊಸ ವಿಧಾನಗಳನ್ನು ನಂಬಬಹುದೇ?

ವಿದ್ಯಾರ್ಥಿಗಳಿಗೆ ಇವುಗಳ ಮೇಲೆ ಬಲು ಒಲವು, ನಮಗೂ ಇದೆ. ಬೆಳ್ಳಿ ಅಥವಾ ಚಿನ್ನದ ನ್ಯಾನೋ ಕಣಗಳ ಮೇಲೆ ಕುಳಿತ ಬಣ್ಣದ ಅಣುವಿನ ರಾಮನ್ ಸಂಕೇತ, ಅಂದರೆ ಅಣುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಸಿಗುವ ಅದರ ಗುರುತು, ಲಕ್ಷಾಂತರ ಪಟ್ಟು ಹೆಚ್ಚುತ್ತದೆ. ಇಂಗಾಲದ ಸೂಕ್ಷ್ಮ ಚುಕ್ಕೆಗಳ ಹೊಳಪು ಟಾರ್ಟ್ರಜಿನ್ ಎದುರು ಮಂಕಾಗುತ್ತದೆ. ಮಾರ್ಪಡಿಸಿದ ವಿದ್ಯುದ್ವಾರಗಳು ಸನ್‌ಸೆಟ್ ಯೆಲ್ಲೋವನ್ನು ವಿದ್ಯುತ್ ಪ್ರವಾಹದ ಏರಿಳಿತದಿಂದ ಗುರುತಿಸುತ್ತವೆ. ಶುದ್ಧ ನೀರಿನಲ್ಲಿ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಎಣ್ಣೆ, ಮಸಾಲೆ, ಅರಿಶಿನಗಳ ನಡುವೆ ಎಷ್ಟು ನಿಲ್ಲುತ್ತವೆ ಎಂಬುದನ್ನು ಪ್ರತಿ ಪದಾರ್ಥಕ್ಕೂ ತೋರಿಸಬೇಕು. ಹತ್ತು ಅಂಗಡಿಗಳ ಮಾದರಿಗಳಲ್ಲಿ ಅನುಮಾನದ ಎರಡನ್ನು ಆರಿಸಲು ಇವು ಒಳ್ಳೆಯವು. ಆ ಎರಡರ ಮೇಲೆ ಕ್ರಮ ಜರುಗಿಸಲು ಅಧಿಕೃತ ವಿಧಾನವೇ ಬೇಕು.

ಅನುಮಾನ ಬಂದರೆ ಮಾದರಿಯನ್ನು ಎಲ್ಲಿಗೆ ಕೊಡಬೇಕು?

ಆಹಾರವಾದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡಿ. ಅವರು ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಿ, ಒಂದನ್ನು ಆಹಾರ ವಿಶ್ಲೇಷಕರಿಗೆ ಕಳಿಸುತ್ತಾರೆ. ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ಕೊಳ್ಳುವವರು ತಾವೇ ಶುಲ್ಕ ಕಟ್ಟಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಂ ಕೊಟ್ಟಿದೆ, ಆದರೆ ಪರೀಕ್ಷೆಗೆ ಕಳಿಸುವೆನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಈ ಷರತ್ತು ಬಹಳ ಮಂದಿಗೆ ಗೊತ್ತಿಲ್ಲ. ಸೌಂದರ್ಯವರ್ಧಕಗಳ ದೂರು ಔಷಧ ನಿಯಂತ್ರಣ ಇಲಾಖೆಗೆ, ಕೊಳಚೆನೀರಿನದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಕಾಲೇಜಿನಲ್ಲಿ ನಾವು ಮಾಡಿಕೊಡುವ ಪರೀಕ್ಷೆಗೆ ಕಾನೂನಿನ ಬಲವಿಲ್ಲ.

ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದೆ. ಬಣ್ಣ ಇಲ್ಲವೆಂದು ತಿಳಿಯಬಹುದೇ?

ಆ ವಿಧಾನದ ಪತ್ತೆಮಿತಿಗಿಂತ ಕಡಿಮೆ ಇದೆ ಎಂದು ತಿಳಿಯಬೇಕು. ಬಣ್ಣವಿಲ್ಲದ ಮಾದರಿಯನ್ನು ಹಲವು ಸಲ ಅಳೆದಾಗಲೂ ಯಂತ್ರದ ಅಂಕಿ ತುಸು ಏರಿಳಿಯುತ್ತದೆ. ಸಾಮಾನ್ಯವಾಗಿ ಆ ಏರಿಳಿತದ ಮೂರು ಪಟ್ಟು ಸಂಕೇತಕ್ಕೆ ಸಮನಾದ ಸಾಂದ್ರತೆಯನ್ನು ಪತ್ತೆಮಿತಿ ಎಂದೂ, ಹತ್ತು ಪಟ್ಟಿನದನ್ನು ನಂಬಿಕೆಯಿಂದ ಅಳೆಯಬಹುದಾದ ಮಿತಿ ಎಂದೂ ಕರೆಯುತ್ತಾರೆ. ಎರಡರ ನಡುವೆ ಬಂದರೆ ಬಣ್ಣ ಇದೆ ಎನ್ನಬಹುದು, ಎಷ್ಟೆಂದು ಹೇಳಲಾಗದು. 5 ಪಿಪಿಎಂ ಪತ್ತೆಮಿತಿಯ ವಿಧಾನದಲ್ಲಿ ಕಾಣದ ರೋಡಮಿನ್-ಬಿ 5 ಪಿಪಿಬಿಯ ವಿಧಾನದಲ್ಲಿ ಕಂಡರೆ ಎರಡು ವರದಿಗಳಲ್ಲಿ ಒಂದು ಸುಳ್ಳೆಂದಲ್ಲ. ವರದಿ ಕೈಗೆ ಬಂದಾಗ ಪತ್ತೆಮಿತಿಯ ಅಂಕಿಯನ್ನೂ, ಯಾವ ಯಾವ ಬಣ್ಣಗಳನ್ನು ಹುಡುಕಲಾಗಿತ್ತು ಎಂಬ ಪಟ್ಟಿಯನ್ನೂ ಕೇಳಿ ಪಡೆಯಿರಿ. ಎಂಟು ಅನುಮತಿತ ಬಣ್ಣಗಳನ್ನಷ್ಟೇ ಹುಡುಕಿದ ವರದಿಯಲ್ಲಿ ಮೆಟಾನಿಲ್ ಯೆಲ್ಲೋದ ಹೆಸರೇ ಬರುವುದಿಲ್ಲ.